ಕ್ಲೌಡಿಗೆ ಹೋದ ಬ್ಲೌಸ್ ಅಳತೆ

ನಮ್ಮನೇಲಿ ಒಂದು ಕೆಲಸ ಸಲೀಸಾಗಿ ಮುಗೀತು ಅಂದ್ರೆ, ಏನೋ ಮರೆತಿದೀವಿ ಅಂತಲೇ ಅರ್ಥ. ಈಗ ಹೇಳೋ ಕಥೆಗೆ ನಗು ಬಂದಿದ್ದು ಆಮೇಲೆ. ಆಗ ಮನೇಲಿ ಅಳೋದೊಂದೇ ಬಾಕಿ ಇತ್ತು.

೧. ಪುಸ್ತಕ ಹೋದದ್ದು

ಕಾಮಾಕ್ಷಿಪಾಳ್ಯದ ನಮ್ಮ ಮನೆ ಮುಂದಿನ ರೂಮಲ್ಲಿ ನನ್ನ ಸೊಸೆ ಬ್ಲೌಸ್ ಹೊಲೀತಾಳೆ. ಯಾರ ತೋಳು ಎಷ್ಟು, ಯಾರ ಬೆನ್ನು ಎಷ್ಟು ಎಲ್ಲಾ ಒಂದು ಉದ್ದನೇ ಪುಸ್ತಕದಲ್ಲಿತ್ತು. ಕಂಪ್ಯೂಟರ್ ಓದ್ತಿರೋ ಮೊಮ್ಮಗಳು ರಜದಲ್ಲಿ ಕೂತು ಅಷ್ಟನ್ನೂ ಟೈಪ್ ಮಾಡಿದ್ಲು.

"ಇನ್ನು ಪುಸ್ತಕ ಬೇಡ ಅಜ್ಜಿ. ಎಲ್ಲಾ ಕ್ಲೌಡಲ್ಲಿದೆ."

"ಹಂಗಂದ್ರೆ?"

"ಎಲ್ಲೋ ದೂರದಲ್ಲಿ ಬೇರೆಯವರ ಕಂಪ್ಯೂಟರ್. ಅದರಲ್ಲಿ ಜಾಗ ತಗೊಂಡು ಇಟ್ಟಿದೀನಿ. ನಮ್ಮನೆ ಕಂಪ್ಯೂಟರಿಂದ ಬೇಕಾದಾಗ ತೆಗೆದು ನೋಡಬಹುದು."

"ನಮ್ಮ ಬೀರುವಿನಲ್ಲಿದ್ದಿದ್ದನ್ನ ಪರರ ಮನೇಲಿಟ್ಟು, ನೋಡೋಕೆ ಅವರ ಬಾಗಿಲು ತಟ್ಟೋದು ಅನ್ನು."

"ನಿಂಗೆ ಅರ್ಥ ಆಗಲ್ಲ ಬಿಡಜ್ಜಿ."

ಪುಸ್ತಕ ಹಳೇ ಪೇಪರ್‌ನವನ ಗಾಡಿ ಹತ್ತಿತು. ಬದಲಿಗೆ ಅವನೊಂದು ಪ್ಲಾಸ್ಟಿಕ್ ಮಗ್ಗು ಕೊಟ್ಟ. ಆ ಮಗ್ಗಾದ್ರೂ ಬೇಕಾದಾಗ ಕೈಗೆ ಸಿಗುತ್ತೆ.

೨. ನಮ್ಮ ವಿಳಾಸ

ಸೋಮವಾರ ಸುಂಕದಕಟ್ಟೆಯಿಂದ ಒಬ್ಬ ತಾಯಿ, ಮದುವೆ ಹುಡುಗಿ ಬಂದ್ರು. ಶುಕ್ರವಾರ ಧಾರೆ. ಧಾರೆ ಸೀರೆ ಜೊತೆ ಬಂದ ರೇಷ್ಮೆ ಬ್ಲೌಸ್ ಪೀಸು, ಕೆಟ್ಟರೆ ಅಂಥದ್ದು ಇನ್ನೊಂದು ಸಿಗಲ್ಲ.

"ಹೋದ ಸಲದ ಅಳತೆಗೇ ಹೊಲೀರಿ. ಅಷ್ಟು ಚೆನ್ನಾಗಿ ಯಾರೂ ಹೊಲ್ದಿಲ್ಲ" ಅಂದ್ರು ತಾಯಿ.

ಸೊಸೆ ಉಬ್ಬಿಹೋದ್ಲು. "ಕೂತ್ಕೊಳ್ಳಿ ಅಕ್ಕ, ಒಂದೇ ನಿಮಿಷ."

ಮೊಮ್ಮಗಳು ಕಂಪ್ಯೂಟರಲ್ಲಿ ಅಳತೆ ನೋಡೋ ಪ್ರೋಗ್ರಾಂ ತೆರೆದು ಒತ್ತಿದ್ಲು. ಅದು ಸುತ್ತಿತು, ಸುತ್ತಿತು, ಕೊನೆಗೆ ಕೆಂಪಕ್ಷರ ಬಂತು.

"ನಮ್ಮನೆ ಇಂಟರ್ನೆಟ್ಟಿಗೆ ವಿಳಾಸದ ಥರ ಒಂದು ನಂಬರ್ ಇರುತ್ತೆ. ಅದನ್ನ ಅಲ್ಲಿ ಸೇರಿಸಿದ್ರೇನೇ ಒಳಗೆ ಬಿಡೋದು" ಅಂದ್ಲು. ಸೇರಿಸಿದ್ಲು. ಅಷ್ಟರಲ್ಲಿ ಕರೆಂಟ್ ಹೋಯ್ತು. ಬಂದ ಮೇಲೆ ಮತ್ತೆ ಕೆಂಪಕ್ಷರ.

"ಈಗೇನೇ?"

"ಕರೆಂಟ್ ಹೋಗಿ ಬಂದ್ರೆ ನಂಬರ್ ಬದಲಾಗುತ್ತೆ ಕಣಜ್ಜಿ."

ಮೂರು ಸಲ ಸೇರಿಸಿದ್ಲು, ಮೂರು ಸಲ ಕರೆಂಟ್ ಹೋಯ್ತು. ತಾಯಿ ಮಗಳು ಕಾಫಿ ಕುಡಿದು, ನಾಳೆ ಬರ್ತೀವಿ ಅಂತ ಎದ್ರು.

ಮದುವೆಯಾಗಿ ಬಂದಾಗಿಂದ ಇದೇ ಮನೇಲಿದೀನಿ. ಕರೆಂಟ್ ಹೋದಾಗೆಲ್ಲಾ ನಮ್ಮ ವಿಳಾಸ ಬದಲಾಗ್ತಿತ್ತು ಅಂತ ಒಬ್ಬರೂ ಹೇಳಿರಲಿಲ್ಲ.

೩. ಪಾಸ್‌ವರ್ಡು

ಮಂಗಳವಾರ ಕರೆಂಟ್ ಇತ್ತು, ನಂಬರ್ ನಿಂತಿತ್ತು. ಈಗ ಅದು ಪಾಸ್‌ವರ್ಡ್ ಕೇಳ್ತು. ಮದುವೆ ಹುಡುಗಿ ಪಾಪ ಬೆಂಚಿನ ಮೇಲೆ ಕೂತು ನೋಡ್ತಿದ್ಲು. ಮೊಮ್ಮಗಳು ತನ್ನ ಹುಟ್ಟಿದ ದಿನ, ನನ್ನ ಹೆಸರು, ಬೀದಿ ನಾಯಿ ಹೆಸರು ಎಲ್ಲಾ ಹೊಡೆದ್ಲು. ಯಾವುದಕ್ಕೂ ಬಗ್ಗಲಿಲ್ಲ.

ಸೊಸೆ ಕಣ್ಣಲ್ಲಿ ನೀರು. "ಮದುವೆ ಬ್ಲೌಸಿಗೆ ಕೈ ಕೊಟ್ಟೆ ಅಂದ್ರೆ ಆಮೇಲೆ ಯಾರು ಕಣೇ ನನ್ನ ಹತ್ರ ಬಟ್ಟೆ ತರ್ತಾರೆ? ಎಲ್ಲೂ ಬರೆದಿಡಲಿಲ್ವಾ?"

"ಬರೆದಿದ್ದೆ."

"ಎಲ್ಲಿ?"

ಉಗುರು ಕಚ್ಚಿಕೊಂಡು, "ನಿನ್ನ ಅಳತೆ ಪುಸ್ತಕದ ಕೊನೇ ಹಾಳೇಲಿ" ಅಂದ್ಲು.

ಬಚ್ಚಲಲ್ಲಿ ಮಗ್ಗು ತೇಲ್ತಿತ್ತು.

೪. ಅಳತೆ ಸಿಕ್ತು

ಬುಧವಾರ ಬೆಳಿಗ್ಗೆ ಮೊಮ್ಮಗಳು, ಹಳೇದು ಮರೆತೆ ಅಂತ ಒತ್ತಿ ಮಾಡಿಕೊಂಡ ಹೊಸ ಪಾಸ್‌ವರ್ಡ್ ಹಾಕಿ ಒತ್ತಿದ್ಲು. ತೆರೀತು. ಹುಡುಗಿ ಹೆಸರು, ಅದರ ಮುಂದೆ ಅಳತೆ, ಇಂಚಿಂಚೂ ಇತ್ತು. ಸೊಸೆ ಕಂಪ್ಯೂಟರಿಗೇ ಕೈ ಮುಗಿದ್ಲು.

ಅವತ್ತೂ ಬಂದು ಬೆಂಚಿನ ಮೇಲೆ ಕೂತಿದ್ದ ಹುಡುಗೀನ ನಾನು ನೋಡಿದೆ. "ಹೋದ ಸಲ ಹೊಲಿಸಿದ್ದು ಯಾವಾಗಮ್ಮ?"

"ನಮ್ಮಕ್ಕನ ಮದುವೆಗೆ ಅಜ್ಜಿ. ಮೂರು ವರ್ಷ ಆಯ್ತು."

"ಒಂಚೂರು ಯೋಚನೆ ಮಾಡಿ ಕತ್ತರಿ ಹಾಕೇ" ಅಂದೆ ಸೊಸೆಗೆ.

"ಸುಮ್ನಿರಿ ಅತ್ತೆ. ಇಷ್ಟು ಕಷ್ಟಪಟ್ಟು ತೆಗ್ದಿದೀವಿ."

ಗುರುವಾರ ಮಧ್ಯಾಹ್ನ ಹುಡುಗಿ ಹಾಕಿ ನೋಡಿದ್ಲು. ತೋಳು ಮೊಣಕೈ ಹತ್ರ ಬಂದು ನಿಂತುಬಿಡ್ತು. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಬರಲ್ಲ.

"ಹಳೇ ಅಳತೆಗೇ ತಾನೇ ಹೊಲ್ದಿದ್ದು?" ಅಂದ್ರು ತಾಯಿ.

"ಅದಕ್ಕೇ ಅಕ್ಕ" ಅಂದ್ಲು ಸೊಸೆ, ಬಾವಿ ಒಳಗಿಂದ ಮಾತಾಡಿದ ಹಾಗೆ.

ಆಮೇಲೆ ಮಿಕ್ಕಿದ್ದ ಚೂರುಗಳನ್ನೆಲ್ಲಾ ಆಯ್ದು, "ಕಂಕುಳಲ್ಲಿ ಪಟ್ಟಿ ಕೊಟ್ಟು ಹೊಲೀತೀನಿ, ಸೆರಗಲ್ಲಿ ಕಾಣಲ್ಲ, ಸಂಜೆಗೆ ಕೊಡ್ತೀನಿ" ಅಂತ ಟೇಪ್ ಹಿಡಿದು ಹುಡುಗೀನ ನಿಲ್ಲಿಸಿ ಅಳೆದ್ಲು. ಎರಡು ನಿಮಿಷ ಹಿಡೀಲಿಲ್ಲ.

ಹುಡುಗಿ ಕೈ ಎತ್ತಿಕೊಂಡೇ ಮೆಲ್ಲಗೆ ಅಂದ್ಲು: "ಸೋಮವಾರದಿಂದ ನಾನು ಇಲ್ಲೇ ಕೂತಿದ್ದೆನಲ್ಲ ಆಂಟಿ."