ನಾನು ಕುತೂಹಲ ಬಿಟ್ಟ ಹನ್ನೊಂದು ದಿನ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಕ್ರೈಸ್ತರ ಮನೆಗಳಲ್ಲಿ ನಲವತ್ತು ದಿನ ಏನಾದರೊಂದನ್ನು ಬಿಡುವುದು ವಾಡಿಕೆ. ಒಬ್ಬರು ಮಾಂಸ ಬಿಡುತ್ತಾರೆ, ಇನ್ನೊಬ್ಬರು ಸಿಹಿ. ಅಂಥ ಅಗ್ಗದ ತ್ಯಾಗ ನನ್ನಂಥ ನಿವೃತ್ತ ಮೇಷ್ಟರಿಗೆ ಒಪ್ಪುವುದೇ? ಆ ಕಾಲದ ಮೊದಲ ದಿನವಾದ ಬೂದಿ ಬುಧವಾರ ಹರಿಹರದ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡವನೇ ಘೋಷಿಸಿಬಿಟ್ಟೆ: “ಫಾದರ್, ಈ ಸಲ ಕುತೂಹಲ ಬಿಟ್ಟೀನಿ. ಮಂದಿ ಮನೆ ಉಸಾಬರಿ ಇನ್ನು ನನಗೆ ಬ್ಯಾಡ!”

ಫಾದರ್ ಕೆಮ್ಮಿದರು. ನನ್ನ ಹೆಂಡತಿ ಸ್ಟೆಲ್ಲಾ ನೇರವಾಗಿ ನಕ್ಕಳು.

“ಚಹಾ ಬಿಡ್ರಿ ಸಾಕು. ಇದು ನಿಮ್ ಕೈಲಿ ಆಗೋದಲ್ಲ.”

“ಯಾಕ ಆಗಲ್ಲ? ನೋಡ್ತಿರು!”

“ಆತು. ಗೆದ್ರೆ ಈಸ್ಟರ್‌ಗೆ ಮಟನ್ ಬಿರಿಯಾನಿ. ಸೋತ್ರೆ ಉಪ್ಪಿಟ್ಟು.”

ಉಪ್ಪಿಟ್ಟು ನನ್ನ ಜನ್ಮವೈರಿ. ಹಾಗಾಗಿ ಹನ್ನೊಂದು ದಿನ ಸಂತನಂತೆ ಬದುಕಿದೆ. ಬೀದಿಯಲ್ಲಿ ದೊಡ್ಡ ಜಗಳವಾದಾಗಲೂ ಬಾಗಿಲು ಹಾಕಿಕೊಂಡು ಜಪಮಾಲೆ ಹಿಡಿದು ಕುಳಿತೆ. ಜಗಳ ಯಾರ್ಯಾರಿಗೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಆ ಸಂಕಟ ಯಾರಿಗೆ ಹೇಳಲಿ!

ಹನ್ನೆರಡನೆಯ ದಿನ, ದೇವರಾಜ ಅರಸು ಬಡಾವಣೆಯ ನಮ್ಮ ಎದುರುಮನೆ ಬಸವರಾಜಪ್ಪನ ಗೇಟಿಗೆ ಇಬ್ಬರು ಏಣಿ ಒರಗಿಸಿದರು. ನಾನು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹೊರಬಂದೆ. ಒಂದೇ ದಾಸವಾಳದ ಕುಂಡಕ್ಕೆ ನಾಲ್ಕು ಬಕೆಟ್ ಸುರಿದೆ. ಕುಂಡದ ಮಣ್ಣೆಲ್ಲ ರಸ್ತೆಗೆ ಹರಿಯಿತು. ಅವರು ಏಣಿ ಎತ್ತಿಕೊಂಡು ಹೋದಾಗ ಗೇಟಿನ ಕಂಬದ ಮೇಲೆ ಬೋರಲು ಹಾಕಿದ ಬಿಳಿ ಬಟ್ಟಲಿನಂಥದ್ದೊಂದು ಉಳಿದಿತ್ತು.

ದೀಪವೇ? ಗಂಟೆಯೇ? ಗುಬ್ಬಿಗೆ ಗೂಡೇ?

ಡಬ್ಬಿ ವಾಪಸ್ ಕೊಡಲು ಆ ಮನೆಗೆ ಹೋದ ಸ್ಟೆಲ್ಲಾ ಇನ್ನೂ ಬಂದಿರಲಿಲ್ಲ. ಬಂದರೂ ಕೇಳುವಂತಿಲ್ಲ. ಕೇಳಿದರೆ ವ್ರತಭಂಗ! ಆದರೆ ನೋಡಿದರೆ? ಕಣ್ಣು ಕೊಟ್ಟವನು ದೇವರೇ ತಾನೇ? ಈ ಗಹನವಾದ ಧರ್ಮಸೂಕ್ಷ್ಮವನ್ನು ಅರ್ಧ ನಿಮಿಷದಲ್ಲಿ ಇತ್ಯರ್ಥಪಡಿಸಿ, ಪ್ಲಾಸ್ಟಿಕ್ ಸ್ಟೂಲು ಹೊತ್ತು ರಸ್ತೆ ದಾಟಿದೆ.

ಹತ್ತಿದೆ. ಬಟ್ಟಲನ್ನು ಬೆರಳಿನಿಂದ ತಟ್ಟಿದೆ. ಮೂಸಿದೆ. ಒಳಗೆ ಕಪ್ಪು ಗಾಜು! “ಸೈತಾನನೇ, ತೊಲಗು” ಎಂದು ಗಟ್ಟಿಯಾಗಿ ಹೇಳಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಇಣುಕಿದೆ.

ಬಟ್ಟಲು ಮಾತಾಡಿತು. ಬಸವರಾಜಪ್ಪನದೇ ದನಿ!

“ಮೇಷ್ಟ್ರೇ, ಮೂಗು ಸ್ವಲ್ಪ ಹಿಂದಕ್ಕೆ ತಗೀರಿ. ಟೀವಿ ತುಂಬ ಅದೇ ಐತೆ!”

ಸ್ಟೂಲಿನಿಂದ ಬಿದ್ದೆ.

ಒಳಗೆ ಕರೆದೊಯ್ದರು. ಹೊಸ ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆಂದು ಮನೆಮಂದಿಯೆಲ್ಲ ಟೀವಿ ಮುಂದೆ ಸಾಲಾಗಿ ಕುಳಿತಿದ್ದರು. ನಟ್ಟನಡುವೆ, ಚಹಾ ಲೋಟ ಹಿಡಿದು, ಸ್ಟೆಲ್ಲಾ! ನಾಚಿಕೆಯಿಂದ ಭೂಮಿಗಿಳಿದುಹೋದೆ.

“ಉಪ್ಪಿಟ್ಟಿಗೆ ಅವರೆಕಾಳು ಹಾಕ್ಲೇನ್ರಿ?” ಎಂದಳು.

ಮುಂದಿನ ಭಾನುವಾರ ಹರಿಹರಕ್ಕೆ ಹೋಗಿ ಪಾಪನಿವೇದನೆ ಮಾಡಿದೆ. ಫಾದರ್ ನನ್ನತ್ತ ಬಾಗಿ ದನಿ ತಗ್ಗಿಸಿದರು.

“ಮೇಷ್ಟ್ರೇ, ಅದರಾಗ ಕತ್ತಲಲ್ಲೂ ಕಾಣ್ತೈತೇನ್ರಿ?”

ಗೊತ್ತಿಲ್ಲ ಎಂದೆ. ಇಷ್ಟೆಲ್ಲ ಮಾನ ಕಳೆದುಕೊಂಡವನು ಅದನ್ನೇ ಕೇಳಿರಲಿಲ್ಲ!

ದೇವರು ಎಲ್ಲವನ್ನೂ ನೋಡುತ್ತಾನೆ ಎಂದು ಧರ್ಮಬೋಧೆ ತರಗತಿಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಆದರೂ ಇಣುಕುವ ಚಟ ಹೋಗಲಿಲ್ಲ. ಬಸವರಾಜಪ್ಪ ನೋಡುತ್ತಾನೆ ಎಂದಾದ ಮೇಲೆ ಹೋಯಿತು! ಈಸ್ಟರ್ ದಿನ ಉಪ್ಪಿಟ್ಟು ತಿಂದೆ. ಈಗ ಆ ಗೇಟಿನ ಮುಂದೆ ಕೈಕಟ್ಟಿ, ನೆಲ ನೋಡಿಕೊಂಡು ಹಾದುಹೋಗುತ್ತೇನೆ. ಚರ್ಚಿನಲ್ಲೂ ನನ್ನ ಮುಖದಲ್ಲಿ ಅಷ್ಟು ಭಕ್ತಿ ಕಂಡಿಲ್ಲವೆಂದು ಸ್ಟೆಲ್ಲಾ ಹೇಳುತ್ತಾಳೆ.