ಮಾವಿನ ತಾಂಡ್ರಕ್ಕೆ ಕಾಗೆ ಕಾವಲು

ಒಬ್ಬರೇ ಇರುವವರ ಬಳಿ ಸಮಯ ರಾಶಿ ಬಿದ್ದಿರುತ್ತದೆ ಎಂಬುದು ಲೋಕದ ನಂಬಿಕೆ. ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು, ಆಸ್ಪತ್ರೆಯಲ್ಲಿ ಬೇರೆಯವರ ಅತ್ತೆಯ ಪಕ್ಕ ಕೂರಲು, ಪಕ್ಕದ ಮನೆಯ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಲು ನಮ್ಮಂಥವರೇ ಆಗಬೇಕು. "ನಿಮಗೇನು ಬಿಡಿ, ಹಿಂದಿಲ್ಲ ಮುಂದಿಲ್ಲ" ಅನ್ನುತ್ತಾರೆ. ಅದನ್ನು ಹೊಗಳಿಕೆಯ ಧಾಟಿಯಲ್ಲೇ ಹೇಳುತ್ತಾರೆ, ನಾನೂ ಹೊಗಳಿಕೆ ಎಂದೇ ನಕ್ಕುಬಿಡುತ್ತೇನೆ. ಸಂಜೆ ಮನೆಗೆ ಬಂದು ಬೀಗ ತೆಗೆಯುವಾಗ ಮಾತ್ರ ಆ ಮಾತು ಒಂದಿಷ್ಟು ಚುಚ್ಚುತ್ತದೆ.

ನಿಜ ಹೇಳುತ್ತೇನೆ, ನನ್ನ ಬಳಿ ಸಮಯ ಇದೆ. ಬೇಕಾದಷ್ಟಿದೆ. ನಾನು ಶಿರಾದ ಹೆಣ್ಣುಮಗಳು, ಐವತ್ತು ದಾಟಿದೆ, ಮದುವೆಯಾಗಿಲ್ಲ. ಕಾರಣ ಕೇಳಬೇಡಿ; ಕೇಳಿದವರಿಗೆಲ್ಲ ಒಂದೊಂದು ಕಾರಣ ಕೊಟ್ಟು ಕೊಟ್ಟು ಈಗ ಯಾವುದು ನಿಜವೆಂದು ನನಗೇ ಮರೆತುಹೋಗಿದೆ. ಪಾವಗಡದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ. ನರಸಮ್ಮನವರ ಮನೆಯ ಮಹಡಿಯ ಮೇಲೆ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆಗೆ ಹಿಡಿದಿದ್ದೇನೆ. ಬಾಗಿಲು ತೆಗೆದರೆ ಉಳಿದದ್ದೆಲ್ಲ ತಾರಸಿ, ತಾರಸಿಯ ತುಂಬ ಬಿಸಿಲು. ನಮ್ಮ ಕಚೇರಿಯ ತಿಪ್ಪೇಸ್ವಾಮಿಯವರ ಊರು ರಾಯಚರ್ಲು. ಅವರ ಹೊಲ ಸೋಲಾರ್ ಪಾರ್ಕಿಗೆ ಹೋಗಿದೆ. "ನಮ್ಮೂರಾಗೆ ಬಿಸ್ಲೂ ಡ್ಯೂಟಿ ಮಾಡ್ತೈತೆ ಮೇಡಂ" ಎಂದು ಅವರು ಆಗಾಗ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಬಿಸಿಲು ನನ್ನ ತಾರಸಿಯ ಮೇಲೆ ಮಾತ್ರ ಯಾವ ಕೆಲಸವೂ ಇಲ್ಲದೆ ದಿನವಿಡೀ ಬಿದ್ದುಕೊಂಡಿರುತ್ತದೆ. ಭಾನುವಾರಗಳಲ್ಲಿ ನಾನೂ ಹಾಗೆಯೇ ಬಿದ್ದುಕೊಂಡಿರುವುದರಿಂದ ನಾನು ಅದನ್ನು ಬೈಯುವಂತಿಲ್ಲ.

ಬೇಸಿಗೆ ರಜಾ ಬಂತೆಂದರೆ ಕೆಳಗಿನ ಮನೆ ತುಂಬಿಹೋಗುತ್ತದೆ. ನರಸಮ್ಮನವರ ಮೊಮ್ಮಕ್ಕಳು ಮಧುಗಿರಿಯಿಂದ, ಕೊರಟಗೆರೆಯಿಂದ, ಹಿಂದೂಪುರದಿಂದ ಬಂದು ಇಳಿಯುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು, ಜಗಳಕ್ಕೆ ಎರಡೂ ಸೇರಿಸಿ. ಕೆಳಗೆ ಅವರು ಕೂಗಾಡುವುದು, ಬೀಳುವುದು, ಅಳುವುದು, ಅತ್ತವರನ್ನು ನೋಡಿ ಉಳಿದವರು ನಗುವುದು, ಎಲ್ಲವೂ ನನಗೆ ಕಿಟಕಿಯಲ್ಲಿ ಕೇಳಿಸುತ್ತದೆ. ಆದರೆ ಒಬ್ಬರೂ ಮೆಟ್ಟಿಲು ಹತ್ತುವುದಿಲ್ಲ. "ಮ್ಯಾಲೆ ಮೇಡಂ ಅವ್ರೆ, ಆಫೀಸ್ನಿಂದ ಸುಸ್ತಾಗಿ ಬಂದಿರ್ತಾರೆ, ತೊಂದ್ರೆ ಕೊಡಬ್ಯಾಡ್ರಿ" ಎಂದು ನರಸಮ್ಮನವರು ಕಟ್ಟಪ್ಪಣೆ ಮಾಡಿದ್ದಾರೆ. ಅವರದು ಒಳ್ಳೆಯ ಮನಸ್ಸೇ. ತೊಂದರೆ ಕೊಟ್ಟರೆ ನನಗೆ ಸಂತೋಷವಾಗುತ್ತದೆ ಎಂದು ಬಾಡಿಗೆಗೆ ಇರುವವಳು ಮನೆಯ ಯಜಮಾನಿಗೆ ಹೇಗೆ ಹೇಳುವುದು?

ಈ ಸಲ ನರಸಮ್ಮನವರೇ ಮೇಲೆ ಬಂದರು. ಮೊಮ್ಮಗಳು ಜಾಹ್ನವಿಯ ಹುಟ್ಟುಹಬ್ಬ ರಜೆಯಲ್ಲೇ ಬಿದ್ದಿದೆ, ಬೀದಿಯ ಮಕ್ಕಳನ್ನೆಲ್ಲ ಕರೆಯುತ್ತಿದ್ದೇವೆ, ಅಂಗಡಿಯ ಚಾಕಲೇಟು ತಿಂದು ತಿಂದು ಹಲ್ಲೆಲ್ಲ ಹುಳುಕಾಗಿವೆ ಎಂದೆಲ್ಲ ಹೇಳಿ, "ಹಣ್ಣಿನಾಗೆ ಏನಾನಾ ಚಾಕಲೇಟ್ ಥರ ಮಾಡ್ಕೊಡಮ್ಮ, ಹೆಂಗೂ ನೀನು ಸುಮ್ನೆ ಕೂತಿರ್ತೀಯಲ್ಲ" ಅಂದರು. ಸುಮ್ಮನೆ ಕೂತಿರ್ತೀಯ ಅಂದದ್ದಕ್ಕೆ ನೋವಾಯಿತು. ಆದರೆ ಮೇಡಂ ಹೋಗಿ ಅಮ್ಮ ಬಂದಿತ್ತು, ಬಹುವಚನ ಹೋಗಿ ಏಕವಚನ ಬಂದಿತ್ತು. ಅಷ್ಟಕ್ಕೇ ಕರಗಿ, ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ. ಹುಟ್ಟುಹಬ್ಬದ ದಿನ ಮಕ್ಕಳೆಲ್ಲ ನನ್ನನ್ನು ಸುತ್ತಿಕೊಂಡು, ಇನ್ನೊಂದು ಕೊಡಿ ಆಂಟಿ ಎಂದು ಸೆರಗು ಜಗ್ಗುವ ಚಿತ್ರ ಆಗಲೇ ಕಣ್ಣಮುಂದೆ ಬಂದುಬಿಟ್ಟಿತ್ತು. ಅದಕ್ಕೆ ಯಾವ ಸೀರೆ ಉಡಬೇಕೆಂದು ಕೂಡ ಯೋಚಿಸಿಬಿಟ್ಟೆ.

ಮೊದಲು ಯೂಟ್ಯೂಬಿನಲ್ಲಿ ನೋಡಿದ್ದನ್ನು ಮಾಡಲು ಹೋದೆ. ದ್ರಾಕ್ಷಿಯನ್ನು ಕಡ್ಡಿಗೆ ಚುಚ್ಚಿ ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದರೆ ಗಾಜಿನಂತೆ ಹೊಳೆಯುತ್ತದಂತೆ, ಕಚ್ಚಿದರೆ ಕಟಕ್ ಅನ್ನುತ್ತದಂತೆ. ವಿಡಿಯೋದ ಹುಡುಗಿ ನನ್ನ ಫೋನಿನೊಳಗೆ ನಗುನಗುತ್ತಾ ಮಾಡಿ ತೋರಿಸಿದಳು. ನನ್ನದೂ ಹೊಳೆಯಿತು. ಕಚ್ಚಿದಾಗ ಕಟಕ್ ಎಂದೂ ಅಂದಿತು, ಆದರೆ ಅಂದದ್ದು ದ್ರಾಕ್ಷಿಯಲ್ಲ, ನನ್ನ ಎಡಗಡೆಯ ಹಲ್ಲು. ಉಳಿದ ಪಾಕ ಪಾತ್ರೆಯ ತಳದಲ್ಲಿ ಕೂತುಬಿಟ್ಟಿತು. ಅದನ್ನು ಕೆರೆದು, ಕುದಿಸಿ, ಕೊನೆಗೆ ನಿಂಬೆಹಣ್ಣು ಹಿಂಡಿ ಪಾನಕವೆಂದು ಹೆಸರಿಟ್ಟು ಒಬ್ಬಳೇ ಕುಡಿದು ಮುಗಿಸಿದೆ. ಒಬ್ಬರೇ ಇರುವವರ ಮನೆಯಲ್ಲಿ ಕೆಟ್ಟ ಅಡುಗೆಯನ್ನು ಹಂಚಿಕೊಳ್ಳಲು ಯಾರೂ ಇರುವುದಿಲ್ಲ ನೋಡಿ. ನಾಲ್ಕು ಜನರಿದ್ದರೆ ನಾಲ್ಕು ಬೈಗುಳದಲ್ಲಿ ಖರ್ಚಾಗಿ ಹೋಗುತ್ತಿತ್ತು.

ಆಮೇಲೆ ನೆನಪಾದದ್ದು ತಾಂಡ್ರ. ಆಂಧ್ರದ ಗಡಿ ನಮಗೆ ಕೂಗಳತೆಯಲ್ಲಿರುವುದರಿಂದ ಇಲ್ಲಿ ಮಾಮಿಡಿ ತಾಂಡ್ರ ಎಂದರೆ ಎಲ್ಲರಿಗೂ ಗೊತ್ತು. ಮಾವಿನ ಹಣ್ಣಿನ ರಸಕ್ಕೆ ಬೆಲ್ಲ ಬೆರೆಸಿ, ತುಪ್ಪ ಸವರಿದ ತಟ್ಟೆಗೆ ತೆಳ್ಳಗೆ ಹುಯ್ದು ಬಿಸಿಲಿಗಿಡುವುದು. ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಪದರ, ಮಾರನೆಯ ದಿನ ಮತ್ತೊಂದು. ಹೀಗೆ ಪದರದ ಮೇಲೆ ಪದರ ಕೂತು ಬೆರಳು ದಪ್ಪ ಆದಾಗ ಕತ್ತರಿಸಿದರೆ ಮಿಠಾಯಿ. ಇದಕ್ಕೆ ಬೇಕಾದದ್ದು ಹಣ್ಣು, ಬಿಸಿಲು, ತಾಳ್ಮೆ. ಮೂರೂ ಇದ್ದವು. ಗಾಡಿಯವನ ಹತ್ತಿರ ರಸಪೂರಿ ಹಣ್ಣು ಆರಿಸಿ ತಂದು, ಬೆಳಿಗ್ಗೆ ಎದ್ದು ಹಿಂಡಿ, ಸೋಸಿ, ಎರಡು ದೊಡ್ಡ ತಟ್ಟೆಗೆ ಹುಯ್ದು ತಾರಸಿಯಲ್ಲಿಟ್ಟೆ.

ಇಟ್ಟ ಮೇಲೆ ಹೊಳೆಯಿತು, ನಾನು ಆಫೀಸಿಗೆ ಹೋದರೆ ಕಾಗೆ ಕಾಯುವವರು ಯಾರು? ಸಂಡಿಗೆ, ಹಪ್ಪಳ ಒಣಹಾಕಿದವರಿಗೆಲ್ಲ ಈ ಕಷ್ಟ ಗೊತ್ತು. ನಾನು ಚಿಕ್ಕವಳಿದ್ದಾಗ ಶಿರಾದಲ್ಲಿ ಅಮ್ಮ ನನ್ನನ್ನೇ ಈ ಉದ್ಯೋಗಕ್ಕೆ ಹಾಕುತ್ತಿದ್ದಳು. ಕೈಯಲ್ಲೊಂದು ಕೋಲು, ಪಕ್ಕದಲ್ಲಿ ಬಿಚ್ಚಿಟ್ಟ ಕಪ್ಪು ಛತ್ರಿ, ಬಾಯಲ್ಲಿ ಯಾವಾಗಲೂ ಹಸಿ ಸಂಡಿಗೆ. ಇದೆಲ್ಲ ಚೆನ್ನಾಗಿ ನೆನಪಿದ್ದೂ, ನರಸಮ್ಮನವರು "ಮಕ್ಳನ್ನ ಕೂರಿಸ್ತೀನಿ ಬುಡಮ್ಮ" ಎಂದಾಗ ನಾನು ಹಿಂದುಮುಂದು ನೋಡದೆ ಛತ್ರಿ ತಂದು ಕೊಟ್ಟು ಆಫೀಸಿಗೆ ಹೋದೆ. ಇಷ್ಟು ವರ್ಷ ಫೈಲು ನೋಡಿದವಳ ಬುದ್ಧಿ ಅಷ್ಟೇ.

ಸಂಜೆ ಬಂದಾಗ ಎಲ್ಲರೂ ಇಳಿದುಹೋಗಿದ್ದರು. ತಟ್ಟೆಯಲ್ಲಿ ತೆಳ್ಳನೆಯ ಪದರ ಒಣಗಿತ್ತು. ಮಾರನೆಯ ದಿನ ಅದರ ಮೇಲೆ ಹುಯ್ದೆ. ಸಂಜೆಗೆ ಅಷ್ಟೇ ತೆಳ್ಳಗಿತ್ತು. ಅದರ ಮಾರನೆಯ ದಿನ ಇನ್ನಷ್ಟು ಹುಯ್ದೆ. ಸಂಜೆಗೆ ಮತ್ತೆ ಅಷ್ಟೇ. ನಾನು ಹಣ್ಣಿನವನನ್ನು ಅನುಮಾನಿಸಿದೆ, ಬೆಲ್ಲವನ್ನು ಅನುಮಾನಿಸಿದೆ. ತಿಪ್ಪೇಸ್ವಾಮಿಯವರನ್ನು ಕೇಳಿದೆ. ಅವರು ಗಂಭೀರವಾಗಿ ಯೋಚಿಸಿ, ಪಾವಗಡದ ಬಿಸಿಲಿಗೆ ನೀರಿನ ಅಂಶ ಪೂರ್ತಿ ಹಾರಿಹೋಗಿ ಹಣ್ಣು ಕುಗ್ಗುತ್ತದೆ, ನೀವು ಇನ್ನೂ ದಪ್ಪ ಹುಯ್ಯಬೇಕು ಎಂದು ಸಲಹೆ ಕೊಟ್ಟರು. ಸರಿ ಅನ್ನಿಸಿ ಹಣ್ಣು ಜಾಸ್ತಿ ತಂದೆ.

ಒಂದು ಮಧ್ಯಾಹ್ನ ಕನ್ನಡಕ ಮರೆತು ಬಂದದ್ದು ನೆನಪಾಗಿ ಮನೆಗೆ ಹೋದೆ. ಮೆಟ್ಟಿಲಿನ ಅರ್ಧದಲ್ಲೇ ನಗು ಕೇಳಿಸಿತು. ನನ್ನ ತಾರಸಿಯ ಮೇಲೆ ಅಂಥ ನಗು ಹಿಂದೆಂದೂ ಕೇಳಿರಲಿಲ್ಲ. ತಲೆಯಷ್ಟೇ ಎತ್ತಿ ನೋಡಿದೆ. ಛತ್ರಿಯ ಕೆಳಗೆ ಮಕ್ಕಳೆಲ್ಲ ಸುತ್ತ ಕೂತಿದ್ದರು, ಬೀದಿಯ ಮಕ್ಕಳೂ ಇದ್ದರು. ಜಾಹ್ನವಿ ಸ್ಕೂಲಿನ ಸ್ಕೇಲು ಹಿಡಿದು ತಟ್ಟೆಯ ಮೇಲೆ ಗೆರೆ ಎಳೆದು, ಅವತ್ತಿನ ಪದರವನ್ನು ಮೆಲ್ಲಗೆ ಸುಲಿದು ಹಂಚುತ್ತಿದ್ದಳು. "ನಿನ್ನೇದು ಮುಟ್ಬ್ಯಾಡ್ರೋ, ಇವತ್ತಿಂದು ಅಷ್ಟೇ. ಆಂಟಿಗೆ ಗೊತ್ತಾಗಲ್ಲ" ಅಂದಳು. ಒಬ್ಬ ಅದನ್ನು ನಾಲಿಗೆಯಂತೆ ಬಾಯಿಂದ ಇಳಿಬಿಟ್ಟುಕೊಂಡು ದೆವ್ವವಾಗಿದ್ದ. ಇನ್ನೊಬ್ಬಳು ಮೂಗಿನ ಮೇಲೆ ಅಂಟಿಸಿಕೊಂಡಿದ್ದಳು. ಕಾಗೆಯೊಂದು ನೀರಿನ ಟ್ಯಾಂಕಿನ ಮೇಲೆ ಕೂತು ತನ್ನ ಸರದಿಗಾಗಿ ಕಾಯುತ್ತಿತ್ತು.

ಕೋಪ ಬರಬೇಕಿತ್ತು, ಬರಲಿಲ್ಲ. ಹಿಂದೆ ತಿರುಗಿ ಕಳ್ಳಿಯಂತೆ ಮೆಟ್ಟಿಲು ಇಳಿದು, ಕನ್ನಡಕವಿಲ್ಲದೆಯೇ ಆಫೀಸಿಗೆ ವಾಪಸ್ಸಾದೆ. ಅವತ್ತು ಮಧ್ಯಾಹ್ನವೆಲ್ಲ ಕಾಗದದ ಮೇಲೆ ಒಂದಕ್ಷರವೂ ಕಾಣಲಿಲ್ಲ, ನಾನು ಸುಮ್ಮನೆ ನಗುತ್ತಾ ಕೂತಿದ್ದೆ. ಮನೆಯ ತುಂಬ ಮಕ್ಕಳಿರುವ ಹೆಂಗಸರು ಆಫೀಸಿನಲ್ಲಿ ಹೀಗೇ ನಗುತ್ತಾರೇನೋ.

ಆಗ ನನಗೊಂದು ಆಸೆ ಹುಟ್ಟಿತು. ಅವರ ಜೊತೆ ನಾನೂ ಆ ಛತ್ರಿಯ ಕೆಳಗೆ ಕೂತರೆ? ಮಾರನೆಯ ದಿನ ಅರ್ಧ ದಿನ ರಜೆ ಹಾಕಿ, ಚಾಪೆ ತಂದು ಹಾಸಿ, ಬನ್ನಿ ಎಲ್ಲರೂ ಕಾಗೆ ಕಾಯೋಣ ಎಂದು ಕೂತೆ. ಮಕ್ಕಳು ಬಂದರು. ಬಂದು, ಗ್ರೂಪ್ ಫೋಟೋಗೆ ಕೂರುವಂತೆ ಕೈಕಟ್ಟಿ ಸಾಲಾಗಿ ಕೂತರು. ಯಾವ ಕ್ಲಾಸು ಎಂದು ಕೇಳಿದೆ, ಹೇಳಿದರು. ಯಾವ ಊರು ಎಂದೆ, ಹೇಳಿದರು. ನೀವೇ ತಿನ್ನಿ ಎಂದು ಒಂದು ತುಂಡು ಸುಲಿದು ಕೊಟ್ಟೆ. "ಬ್ಯಾಡ ಆಂಟಿ, ಒಣಗಲಿ" ಎಂದು ನಿನ್ನೆ ಮೂಗಿಗೆ ಅಂಟಿಸಿಕೊಂಡಿದ್ದವಳು ಬಹಳ ಮರ್ಯಾದೆಯಿಂದ ಹೇಳಿದಳು. ಕಾಗೆಯೂ ಆ ದಿನ ಅತ್ತ ಸುಳಿಯಲಿಲ್ಲ. ಬಿಸಿಲೊಂದೇ ನಮ್ಮೆಲ್ಲರ ಪರವಾಗಿ ಕೆಲಸ ಮಾಡುತ್ತಿತ್ತು. ತುಂಬ ಹೊತ್ತಾದ ಮೇಲೆ ಜಾಹ್ನವಿ ಪಕ್ಕದವರ ಮುಖ ನೋಡಿ, ಧೈರ್ಯ ತಂದುಕೊಂಡು ಕೇಳಿದಳು.

"ಆಂಟಿ, ನೀವು ಆಫೀಸ್ಗೆ ಯಾವಾಗ ಹೋಗ್ತೀರಾ?"

ಈಗ ಹೊರಟೆ ಕಂದ ಎಂದು ಎದ್ದುಬಿಟ್ಟೆ. ಅರ್ಧ ದಿನದ ರಜೆ ಹಾಕಿದ್ದ ನಾನು ಬ್ಯಾಗು ತಗುಲಿಸಿಕೊಂಡು ಮತ್ತೆ ಆಫೀಸಿಗೆ ಹೋದದ್ದು ನೋಡಿ ತಿಪ್ಪೇಸ್ವಾಮಿಯವರು, ಸರ್ಕಾರ ನಿಮ್ಮಂಥವರಿಂದಲೇ ನಡೀತಿರೋದು ಮೇಡಂ ಎಂದರು. ನಾನು ಕೈಗೆ ಸಿಕ್ಕ ಫೈಲೊಂದನ್ನು ಬಿಚ್ಚಿಕೊಂಡು ಕೂತೆ.

ಹುಟ್ಟುಹಬ್ಬದ ಹೊತ್ತಿಗೆ ತಟ್ಟೆಯಲ್ಲಿ ಉಳಿದದ್ದು ಕಾಗದದಷ್ಟು ತೆಳುವಾದ ತಾಂಡ್ರ. ಅದನ್ನೇ ಕತ್ತರಿಸಿ, ಸುರುಳಿ ಸುತ್ತಿ, ಬಣ್ಣದ ಕಾಗದದಲ್ಲಿ ಚಾಕಲೇಟಿನಂತೆ ಎರಡೂ ತುದಿ ತಿರುಚಿ ತೆಗೆದುಕೊಂಡು ಹೋದೆ. ಯೋಚಿಸಿಟ್ಟಿದ್ದ ಸೀರೆಯನ್ನೇ ಉಟ್ಟಿದ್ದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಎರಡೂ ಕೈ ಒಡ್ಡಿ ತೆಗೆದುಕೊಂಡು, ಥ್ಯಾಂಕ್ಯೂ ಆಂಟಿ ಎಂದು ಹೇಳಿ ಹೋದರು. ಸೆರಗು ಯಾರೂ ಜಗ್ಗಲಿಲ್ಲ. ಎಷ್ಟೋ ಪೊಟ್ಟಣಗಳು ಕೇಕಿನ ತಟ್ಟೆಗಳ ಪಕ್ಕ ಬಿಚ್ಚದೆ ಬಿದ್ದಿದ್ದವು. ನರಸಮ್ಮನವರು ಒಂದನ್ನು ಬಾಯಿಗೆ ಹಾಕಿಕೊಂಡು, ರುಚಿಯೇನೋ ಐತೆ ಕಣಮ್ಮ, ಇಷ್ಟು ಹಣ್ಣು ತಂದಿದ್ಯಲ್ಲ, ಇಷ್ಟೇನಾ ಆಗಿದ್ದು ಎಂದರು. ಪಕ್ಕದಲ್ಲಿ ಜಾಹ್ನವಿ ಉಸಿರು ಬಿಗಿಹಿಡಿದು ನಿಂತಿದ್ದಳು. ಕಾಗೆ ಕಾಟ ಜಾಸ್ತಿ ನರಸಮ್ಮ ಎಂದೆ. ಆ ಹುಡುಗಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

ಮಾರನೆಯ ದಿನ ಭಾನುವಾರ. ಹುಟ್ಟುಹಬ್ಬ ಮುಗಿದಿತ್ತು, ತಾಂಡ್ರ ಯಾರಿಗೂ ಬೇಕಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು, ಉಳಿದ ಹಣ್ಣೆಲ್ಲ ಹಿಂಡಿ ತಟ್ಟೆಗಳಿಗೆ ಧಾರಾಳವಾಗಿ ಹುಯ್ದೆ. ಆಫೀಸಿನ ಸೀರೆ ಉಟ್ಟು, ಬ್ಯಾಗು ತಗುಲಿಸಿ, ಬೀಗ ಸದ್ದಾಗುವಂತೆ ಹಾಕಿ, ಕೆಳಗೆ ಬಂದು ಮಕ್ಕಳಿಗೆ ಕಾಗೆ ನೋಡ್ಕೊಳ್ಳಿ ಎಂದು ಹೇಳಿದೆ. ಇವತ್ತು ಭಾನುವಾರ ಅಲ್ವೇನಮ್ಮ ಎಂದು ನರಸಮ್ಮನವರು ಕೇಳಿದರು. ಅರ್ಜೆಂಟ್ ಕೆಲಸ ಇದೆ ಎಂದೆ. ಕೆಲಸವೆಂದರೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರುವುದು. ಮಧುಗಿರಿ ಬಸ್ಸು ಹೋಯಿತು, ಹಿಂದೂಪುರದ ಬಸ್ಸು ಹೋಯಿತು. ಶಿರಾದ ಬಸ್ಸಿನ ಕಂಡಕ್ಟರು ಬರ್ತೀರೇನಮ್ಮ ಎಂದು ಕೇಳಿದ. ಯಾರನ್ನೋ ಕಾಯ್ತಿದ್ದೀನಿ ಎಂದೆ. ಅದು ಸುಳ್ಳೂ ಆಗಿರಲಿಲ್ಲ.

ಬಿಸಿಲು ಇಳಿದ ಮೇಲೆ ಮನೆಗೆ ಬಂದಾಗ ಜಾಹ್ನವಿ ಒಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದವಳು ನನ್ನ ಹಿಂದೆಯೇ ತಾರಸಿಗೆ ಬಂದಳು. ತಟ್ಟೆಗಳು ತೊಳೆದಿಟ್ಟ ಹಾಗಿದ್ದವು. ಒಂದು ತಟ್ಟೆಯ ಅಂಚಿನಲ್ಲಿ ಮಾತ್ರ, ಸ್ಕೇಲಿನಿಂದ ನೆಟ್ಟಗೆ ಕತ್ತರಿಸಿದ ಒಂದು ಪಟ್ಟಿ ತಾಂಡ್ರ ಇತ್ತು. ಅವಳು ತಟ್ಟೆಯನ್ನೂ ನನ್ನನ್ನೂ ನೋಡಿ ಹೇಳಿದಳು: "ಆಂಟಿ, ಕಾಗೆ ನಿಮ್ಗೆ ಅಂತ ಇಷ್ಟು ಬಿಟ್ಟೋಗೈತೆ."

ಅವಳ ಎದುರೇ ಅದನ್ನು ತಿಂದೆ. ಒಳಗೆ ಇನ್ನೂ ಹಸಿಯಿತ್ತು, ಬೆಲ್ಲ ಸ್ವಲ್ಪ ಕಮ್ಮಿಯಾಗಿತ್ತು. ನಾನು ತಿಂದು ಮುಗಿಸುವವರೆಗೆ ಅವಳು ಅಲ್ಲೇ ನಿಂತಿದ್ದು, ಆಮೇಲೆ ಒಂದೊಂದು ಮೆಟ್ಟಿಲು ಹಾರುತ್ತಾ ಇಳಿದು ಹೋದಳು. ಅದೇ ವಾರ ಸ್ಕೂಲು ಶುರುವಾಗುತ್ತದೆಂದು ಮಕ್ಕಳೆಲ್ಲ ಅವರವರ ಊರಿಗೆ ಹೊರಟರು. ಮೆಟ್ಟಿಲ ಬುಡದಲ್ಲಿ ನಿಂತು ಟಾಟಾ ಮಾಡಿದೆ. ನನ್ನ ಛತ್ರಿಯನ್ನು ಮಡಿಸಿ ಬಾಗಿಲಿಗೆ ಒರಗಿಸಿ ಹೋಗಿದ್ದರು.

ಮಾವಿನ ಕಾಲ ಇನ್ನೂ ಒಂದಿಷ್ಟು ಉಳಿದಿತ್ತು. ನಾನು ಮತ್ತೊಮ್ಮೆ ರಸ ಹುಯ್ದೆ. ಈ ಸಲ ತಟ್ಟೆಗಳ ಮೇಲೆ ಬಲೆ ಕಟ್ಟಿದ್ದರಿಂದ ಕಾವಲಿಗೆ ಯಾರೂ ಬೇಕಾಗಿರಲಿಲ್ಲ. ಪದರದ ಮೇಲೆ ಪದರ ಒಂದೂ ತಪ್ಪದೆ ಕೂತಿತು, ಬೆರಳು ದಪ್ಪ ಬಂತು, ಚಾಕು ಹಾಕಿದರೆ ಹೊಳೆಯುವ ತುಂಡುಗಳಾದವು. ಅಷ್ಟು ಚೆನ್ನಾಗಿ ಬಂದದ್ದನ್ನು ನೋಡಿ ನನಗೆ ಅಳು ಬಂತು. ಡಬ್ಬಿ ತುಂಬ ಆಫೀಸಿಗೆ ಒಯ್ದೆ. ತಿಪ್ಪೇಸ್ವಾಮಿಯವರು ಎರಡೆರಡು ತಿಂದು, ದಪ್ಪ ಹುಯ್ಯಿರಿ ಎಂದು ತಾವು ಹೇಳಿದ್ದರ ಫಲ ಇದು ಎಂದರು. ಅವರ ಹೆಂಡತಿ ಫೋನ್ ಮಾಡಿ, ನಾವು ಎಷ್ಟು ಮಾಡಿದರೂ ತಾಂಡ್ರ ದಪ್ಪ ಆಗುವುದೇ ಇಲ್ಲ, ನಿಮ್ಮದು ಹೇಗೆ ಆಯಿತು ಎಂದು ಕೇಳಿದರು. ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ನಿಮ್ಮ ಮನೆಯಲ್ಲಿ ಅದು ಆಗುವುದಿಲ್ಲ ಬಿಡಿ ಎಂದೆ. ಅವರಿಗೆ ಬೇಜಾರಾಯಿತೋ ಏನೋ, ಅಡುಗೆ ಗೊತ್ತೆಂದು ಈ ಮೇಡಂಗೆ ಸ್ವಲ್ಪ ಜಂಬ ಎಂದು ಗಂಡನ ಹತ್ತಿರ ಹೇಳಿದರಂತೆ. ಇರಲಿ. ನನ್ನ ತಾಂಡ್ರ ಈಗ ಬಹಳ ಚೆನ್ನಾಗಿ ಗಟ್ಟಿಯಾಗುತ್ತದೆ.