ಫೆರೆಟ್ಟಿಗೆ ದಿನಕ್ಕೆ ಎಷ್ಟು ಗ್ರಾಂ?

ಮಾಂಸದಂಗಡಿ ಇಟ್ಟವಳು ಗೊಂದಲವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ಕೆನಡಾದ ಸ್ಕಾರ್‌ಬರೋದ ಒಂದು ಪ್ಲಾಜಾದಲ್ಲಿ, ಅಂದರೆ ಅಂಗಡಿಗಳ ಸಾಲಿನಲ್ಲಿ, ನಾನೇ ಕೋಳಿ ಕಡಿದು ಕಡಿದು ಕಟ್ಟಿದ ಅಂಗಡಿ ನನ್ನದು. ಶಾಲೆ ಏಳನೇ ಕ್ಲಾಸಿಗೇ ನಿಂತಿತು. ಮುಂದಿನದ್ದನ್ನು ಲೈಬ್ರರಿಯಿಂದ ಪುಸ್ತಕ ತಂದು ಓದಿಕೊಂಡೆ. ಹಾಗಾಗಿ ‘ನನಗೆ ಗೊತ್ತಿಲ್ಲ’ ಎನ್ನುವ ಅಭ್ಯಾಸ ನನಗಿಲ್ಲ. 2017ರ ಜುಲೈಯಲ್ಲಿ ಒಂದು ಫೆರೆಟ್ಟು ಅದನ್ನೂ ಹೇಳಿಸಿತು.

೧. ರಕ್ತ ಇಲ್ಲದ ಕೋಳಿ

ಕಪ್ಪು ಕನ್ನಡಕ, ಮೂಗಿನವರೆಗೆ ಶಾಲು. ಬೆಂಗಳೂರು ಕಡೆಯ ಹೆಂಗಸು.

“ಮೇಡಂ, ಇನ್ನೂರು ಗ್ರಾಂ ಕೋಳಿ. ರಕ್ತ ಇಲ್ಲದೇ ಇರೋದು ಕೊಡಿ.”

“ರಕ್ತ ಇಲ್ಲದ ಕೋಳಿ ಅಂದರೆ ಮೊಟ್ಟೆ ಮಾರಾಯ್ರೆ. ಎಷ್ಟು ಜನಕ್ಕೆ?”

“ಇಬ್ಬರಿಗೆ. ಬೇಯಿಸಲ್ಲ, ಹಸಿದೇ ತಿಂತಾರೆ. ಚಿಕ್ಕವಳು ತುಂಬಾ ಸೊರಗಿದಾಳೆ.”

ನಾನು ಕತ್ತಿ ಕೆಳಗಿಟ್ಟೆ. “ಮಕ್ಕಳಿಗೆ ಹಸಿ ಮಾಂಸವಾ? ಡಾಕ್ಟರಿಗೆ ತೋರಿಸಿದ್ರಾ?”

“ಡಾಕ್ಟ್ರೇ ಹೇಳಿದ್ದು!”

ಆಮೇಲೆ ಫೋನಿನಲ್ಲಿ ಫೋಟೋ ತೋರಿಸಿದರು. ಮುಂಗುಸಿಯಂಥ ಎರಡು ಉದ್ದ ಪ್ರಾಣಿಗಳು, ಮಗಳು ಸಾಕಿದ ಫೆರೆಟ್ಟುಗಳು. ಚಿಕ್ಕದರ ತೂಕ ಇಳಿಯುತ್ತಲೇ ಇತ್ತು. ಮೂರು ವಾರದಲ್ಲಿ ಏರದಿದ್ದರೆ ಉಳಿಯುವುದು ಕಷ್ಟ ಎಂದು ಪ್ರಾಣಿಡಾಕ್ಟರು ಹೇಳಿದ್ದರಂತೆ. ಮಗಳೂ ಊಟ ಬಿಟ್ಟಿದ್ದಳು.

“ನಾವು ಶುದ್ಧ ಸಸ್ಯಾಹಾರಿಗಳು. ಇಲ್ಲಿಗೆ ಬಂದಿದ್ದು ನಮ್ಮ ಜನಕ್ಕೆ ಗೊತ್ತಾಗಬಾರದು.”

“ಗೊತ್ತಾಗುವುದಿಲ್ಲ” ಎಂದೆ. ಬೇಸಿಗೆಯಲ್ಲಿ ಶಾಲು ಸುತ್ತಿಕೊಂಡವರನ್ನು ನೋಡಲು ಇಡೀ ಪ್ಲಾಜಾ ಗಾಜಿಗೆ ಮೂಗು ಒತ್ತಿ ನಿಂತಿತ್ತು.

೨. ತಕ್ಕಡಿ

ದಿನಕ್ಕೆ ಎಷ್ಟು ಮಾಂಸ ಹಾಕಬೇಕು ಎಂದು ನೋಡಿದರೆ, ಲೈಬ್ರರಿಯ ಒಂದು ಪುಸ್ತಕ ಶೇಕಡಾ ಐದು ಎಂದಿತು. ಇನ್ನೊಂದು, ಹತ್ತು. ಮೂರನೆಯದು, ಮರಿಯಾದರೆ ಅದಕ್ಕಿಂತಲೂ ಹೆಚ್ಚು. ಹೆಂಗಸಿನ ಮಗಳ ಫೋನ್ ಗ್ರೂಪಿನವರು ‘ತಿಂದಷ್ಟು ಹಾಕಿ’ ಎಂದರು. ಯಾವುದರ ಶೇಕಡಾ, ಮಾಂಸದ್ದಾ ಪ್ರಾಣಿಯದ್ದಾ ಎಂದು ನನಗೆ ಅರ್ಧ ದಿನ ತಲೆ ತಿರುಗಿತು. ಪ್ರಾಣಿಯ ತೂಕದ್ದಂತೆ. ಪ್ರಾಣಿಡಾಕ್ಟರೂ ಹತ್ತೇ ಎಂದದ್ದರಿಂದ ಹತ್ತು ಎಂದು ತೀರ್ಮಾನಿಸಿದೆವು.

ಅಂಗಡಿ ತೆರೆಯುವ ಮೊದಲು ಚಿಕ್ಕದನ್ನು ಬುಟ್ಟಿಯಲ್ಲಿ ತಂದರು. ಮಾಂಸದ ತಕ್ಕಡಿ ಮುಟ್ಟಲು ನಾನು ಬಿಡಲಿಲ್ಲ. ಬಾಗಿಲ ಹತ್ತಿರದ ಹಳೆಯ ತಕ್ಕಡಿಯಲ್ಲಿ ಇಟ್ಟೆವು. ಅದು ಒಳಗೆ ಕುಣಿದಂತೆ 760, 910, 840! ಕೊನೆಗೆ ನಿದ್ದೆ ಬಂದಾಗ, ಬುಟ್ಟಿಯ ತೂಕ ಕಳೆದು, ಎಂಟು ನೂರು. ದಿನಕ್ಕೆ ಎಂಬತ್ತು ಗ್ರಾಂ.

ಅಷ್ಟರಲ್ಲಿ ಉಡುಪಿ ಕಡೆಯ ನನ್ನ ಗಿರಾಕಿ ಅಜ್ಜಿ ಬಾಗಿಲು ಬಡಿದು, ಇಣುಕಿ ಕೇಳಿದರು: “ಎಂತ ಮಾರಾಯ್ತಿ, ಹೊಸ ಮಾಲಾ? ಪೌಂಡಿಗೆ ಎಷ್ಟು? ನನಗೊಂದು ಚರ್ಮ ತೆಗೆದು ಕೊಡು.”

ಬುಟ್ಟಿ ಅಪ್ಪಿಕೊಂಡು ಓಡಿದವರ ಶಾಲು ಇವತ್ತಿಗೂ ನನ್ನ ಅಂಗಡಿಯಲ್ಲಿ ಉಂಟು.

೩. ಪುಸ್ತಕದಲ್ಲಿ ಇಲ್ಲದ್ದು

ಎರಡನೇ ವಾರ ತೂಕ ಇಪ್ಪತ್ತು ಗ್ರಾಂ ಇಳಿದಿತ್ತು. ಹೆಂಗಸಿನ ಕಣ್ಣಲ್ಲಿ ನೀರು.

“ಎಂಬತ್ತು ಗ್ರಾಂ ತೂಗಿ ತೂಗಿ ಹಾಕ್ತಿದೀನಿ ಮೇಡಂ.”

ಆಗಲೇ ನಾನು ‘ನನಗೆ ಗೊತ್ತಿಲ್ಲ’ ಎಂದದ್ದು. ಆದರೂ ಸೋಲಲು ಮನಸ್ಸಿಲ್ಲದೆ ಕೇಳಿದೆ, “ದಿನಾ ಹಾಕ್ತೀರಿ ಅಲ್ಲವಾ?”

“ದಿನಾ. ಸೋಮವಾರ, ಗುರುವಾರ, ಶನಿವಾರ ಬಿಟ್ಟು. ಅವತ್ತು ಮನೇಲಿ ಮಾಂಸ ಹೇಗ್ ಬಿಚ್ಚೋದು?”

“ಆ ದಿನ ಎಂತ ಕೊಡ್ತೀರಿ?”

“ಮೊಸರವಲಕ್ಕಿ. ಮೂಸಿ ನೋಡಿ ಬಟ್ಟಲು ಮಗುಚ್ತಾಳೆ. ಏಕಾದಶಿ ದಿನ ಅದನ್ನೂ ಇಡಲ್ಲ.”

“ವ್ರತ ನಿಮ್ಮದು, ಅದರದ್ದಲ್ಲ! ಗ್ಯಾರೇಜಿನಲ್ಲಾದರೂ ಇಟ್ಟು ಹಾಕಿ” ಎಂದು ಬೈದು ಕಳಿಸಿದೆ. ಮೂರು ಪುಸ್ತಕ ಓದಿದ್ದೆ. ಒಂದರಲ್ಲಾದರೂ ಏಕಾದಶಿಯ ವಿಷಯ ಬೇಡವಾ?

೪. ಇನ್ನೊಂದು ಫೆರೆಟ್ಟು

ಮೂರನೇ ವಾರ ಹೆಂಗಸು ಮುಖ ಮುಚ್ಚಿಕೊಳ್ಳುವುದನ್ನೂ ಮರೆತು ಓಡಿಬಂದರು. “ಎಂಟು ನೂರ ಅರವತ್ತು ಮೇಡಂ! ಮಗಳೂ ಊಟ ಮಾಡಿದಳು!”

ಕೌಂಟರಿನ ಮುಂದೆ ಆಗಲೇ ಒಬ್ಬರು ನಿಂತಿದ್ದರು. ನಮ್ಮ ಕನ್ನಡದವರ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿದು ಸಸ್ಯಾಹಾರದ ಮೇಲೆ ಭಾಷಣ ಮಾಡುವ ಹಿರಿಯರು. ಅವರ ಹದಿನಾರು ಪೌಂಡು ಆಡಿನ ಮಾಂಸವನ್ನು ನಾನು ಕಟ್ಟುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೆಂಗಸಿನ ಮುಖ ಬಿಳಚಿತು.

“ಸರ್, ನಾನು... ಇದು ಫೆರೆಟ್ಟಿಗೆ ಸರ್!”

ಹಿರಿಯರು ಒಂದು ಕ್ಷಣ ಯೋಚಿಸಿದರು. “ಹೌದೇನಮ್ಮಾ? ನಂದೂ ಅದಕ್ಕೇನೇ.”

ಪಾಪ, ಹೆಂಗಸು ನಂಬಿಬಿಟ್ಟರು. “ಅಯ್ಯೋ, ನಿಮ್ಮನೇಲೂ ಇದೆಯಾ! ಇಷ್ಟು ಎಷ್ಟು ದಿನಕ್ಕೆ ಸರ್?”

“ನಾಳೆ ಒಂದು ದಿನಕ್ಕೆ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಶೇಕಡಾ ಹತ್ತು. ಹಾಗಾದರೆ ನೂರ ಅರವತ್ತು ಪೌಂಡಿನ ಫೆರೆಟ್ಟು. ಅದು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ನನ್ನ ಕಡೆ ಬಗ್ಗಿ, ಮೆಲ್ಲಗೆ ಹೇಳಿತು: “ಲಿವರ್ ಬೇರೆ ಕಟ್ಟಮ್ಮಾ.”